ಗುಂಡನೂ ಹತ್ತು ತಿಂಗಳ ಅಡ್ವಾನ್ಸೂ

ನಾಯಿ ಬಾಗಿಲು ಕೆರೆಯುವ ಸದ್ದು ಅದನ್ನು ಸಾಕಿದವರಿಗೆ ಕೇಳಿಸುವುದೇ ಇಲ್ಲ. ಅವರು ಮನೆಯಲ್ಲಿದ್ದಾಗ ಅದು ಕೆರೆಯುವುದಿಲ್ಲ, ಅದು ಕೆರೆಯುವಾಗ ಅವರು ಮನೆಯಲ್ಲಿರುವುದಿಲ್ಲ. ಕೇಳಿಸುವುದೆಲ್ಲ ಪಕ್ಕದ ಮನೆಯವರಿಗೆ; ಅದರಲ್ಲೂ ನಮ್ಮಂಥ ಪೆನ್ಷನ್ ಗಿರಾಕಿಗಳಿಗೆ, ಬೆಳಿಗ್ಗೆ ಪೇಪರು ಓದಿ ಮುಗಿದ ಮೇಲೆ ಕಿವಿಗೆ ಬೇರೆ ಉದ್ಯೋಗವಿಲ್ಲದವರಿಗೆ. ಬೆಂಗಳೂರಿನ 30-40 ಸೈಟುಗಳಲ್ಲಿ ಮನೆಗೂ ಮನೆಗೂ ನಡುವೆ ಕಾಂಪೌಂಡ್ ಇರುವುದು ಕಣ್ಣಿಗೆ ಮಾತ್ರ. ಪಕ್ಕದವರ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದರ ಮೇಲೆ ಇವತ್ತು ಅವರ ಸಾರಿಗೆ ಬೇಳೆಯೋ ಕಾಳೋ ಅಂತ ನಮ್ಮವಳು ಹೇಳಬಲ್ಲಳು. ಅಂಥದ್ದರಲ್ಲಿ ಗುಂಡನ ಉಗುರು ಯಾವ ಲೆಕ್ಕ?

ಗುಂಡ ಅಂದರೆ ಪಕ್ಕದ ಮನೆಯ ಕೆಳಗಿನ ಪೋರ್ಷನ್ನಿಗೆ ಬಾಡಿಗೆಗೆ ಬಂದಿರುವ ಗಂಡ-ಹೆಂಡತಿಯ ನಾಯಿ. ಬೀದಿಯಲ್ಲಿ ಹುಟ್ಟಿದ್ದು. ಕಂದು ಬಣ್ಣ, ಒಂದು ಕಿವಿ ನಿಂತಿದೆ, ಇನ್ನೊಂದು ಇನ್ನೂ ತೀರ್ಮಾನ ಮಾಡಿಲ್ಲ. ಒಂದು ಭಾನುವಾರ ಆ ಹುಡುಗಿ ಬಟ್ಟೆ ಒಣಹಾಕುತ್ತಾ ಕಾಂಪೌಂಡಿನ ಹತ್ತಿರ ಬಂದವಳು ಸುಮ್ಮನೆ ಕೇಳುವವಳ ಹಾಗೆ ಕೇಳಿದಳು:

"ಅಂಕಲ್, ನಾವು ಆಫೀಸಿಗೆ ಹೋದ್ಮೇಲೆ ಗುಂಡ ಸುಮ್ನಿರ್ತಾನಲ್ವಾ?"

"ನಿಜ ಹೇಳ್ಲೇನಮ್ಮಾ, ಪಕ್ಕದ ಮನೆಯವನ ಥರ ಹೇಳ್ಲಾ?"

"ನಿಜಾನೇ ಹೇಳಿ ಅಂಕಲ್."

"ನಿಮ್ಮ ಸ್ಕೂಟರ್ ಆ ತಿರುವು ದಾಟೋದೊಂದೇ ತಡ, ಕುಂಯ್ ಅಂತ ಶುರು. ಆಮೇಲೆ ಬಾಗಿಲು ಕೆರೆತ. ಸ್ವಲ್ಪ ಹೊತ್ತು ಸುಸ್ತಾಗಿ ನಿಲ್ಲಿಸ್ತಾನೆ. ಬೀದೀಲಿ ಯಾವುದಾದ್ರೂ ಸ್ಕೂಟರ್ ಬಂತೋ, ನೀವೇ ಅಂತ ತಿರ್ಗಾ ಶುರು."

ಅವಳ ಕೈಯಲ್ಲಿದ್ದ ಬಟ್ಟೆ ಕ್ಲಿಪ್ಪು ಕೆಳಗೆ ಬಿತ್ತು. "ಬಾಗಿಲಿನ ಒಳಗಡೆ ಕೆಳಗಿನ ಅರ್ಧ ಪೂರ್ತಿ ಗೀರಾಗಿದೆ ಅಂಕಲ್. ಓನರ್ ನೋಡಿದ್ರೆ ಅಡ್ವಾನ್ಸ್ ಕೈಬಿಟ್ಟ ಹಾಗೇನೇ."

ಬೆಂಗಳೂರಿನ ಅಡ್ವಾನ್ಸು ಎಂಥ ಪದಾರ್ಥ ಅಂತ ಹೊರಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಎಣಿಸಿ ಓನರ್ ಕೈಗೆ ಕೊಟ್ಟು, ಮನೆ ಬಿಡುವಾಗ ಅದರಲ್ಲಿ ಎಷ್ಟು ವಾಪಸು ಬರುತ್ತದೆ ಅಂತ ದೇವರ ಮೇಲೆ ಭಾರ ಹಾಕಿ ಬದುಕುವ ವ್ಯವಸ್ಥೆ ಅದು. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಅಂತಿದೆ. ಮಾದರಿ ಅಂದರೆ ಮಾದರಿ. ನಮ್ಮ ಓಣಿಯ ಟು-ಲೆಟ್ ಬೋರ್ಡುಗಳು ಅದನ್ನು ಓದಿದ ಹಾಗೆ ಕಾಣುವುದಿಲ್ಲ. ಕರಾರು ಪತ್ರ 11 ತಿಂಗಳದ್ದು, ಯಾಕೆಂದರೆ ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಸಂಪ್ರದಾಯ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಓನರ್ ಮುಖ ನೆನಪಾಗುವ ಇಂಥ ಕಡೆ, ಗುಂಡ ದಿನಾ ಹತ್ತೂ ಉಗುರಿನಿಂದ ಕೆರೆಯುತ್ತಿದ್ದುದು ಆ ದುಡ್ಡನ್ನೇ.

"ಸಹಜ ಸವೆತ ಅಂತ ಏನೋ ಇದೆಯಂತಲ್ಲಾ ಅಂಕಲ್ ಕಾನೂನಲ್ಲಿ?" ಅಂದಳು. ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿ, ಬಾಡಿಗೆದಾರ ಮನೆಯನ್ನು ತಾನು ಹೊಕ್ಕಾಗ ಇದ್ದ ಸ್ಥಿತಿಯಲ್ಲೇ ವಾಪಸು ಕೊಡಬೇಕು, ಬಳಕೆಯಿಂದ ಆದ ನ್ಯಾಯವಾದ ಸವೆತ ಬಿಟ್ಟು, ಅಂತಿದೆ. ನೆಲದ ಮೇಲೆ ಕಾಲು ಸವೆದ ಗುರುತು, ಬಣ್ಣ ಮಾಸಿದ್ದು, ಚಿಲಕ ಸಡಿಲವಾದದ್ದು ಅದರಲ್ಲಿ ಸೇರಬಹುದು. ನಾಯಿ ಉಗುರನ್ನು ಅದರೊಳಗೆ ತುರುಕುವುದು ನನಗಂತೂ ಸರಿ ಕಾಣಲಿಲ್ಲ. ನಿಮ್ಮ ನಾಯಿ, ನಿಮ್ಮ ಖರ್ಚು ಅಂತಲೇ ಹೇಳಿದೆ. ಪಾಪ, ಅವಳೂ ವಾದ ಮಾಡಲಿಲ್ಲ.

ನಾನು ಪಶುಸಂಗೋಪನಾ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಡಾಕ್ಟರ್ ಅಲ್ಲ, ಆದರೂ ಬೀದಿಯವರು ಡಾಕ್ಟ್ರೇ ಅನ್ನುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ಸರ್ವಿಸ್ ಪೂರ್ತಿ ಹಸು, ಎಮ್ಮೆ, ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ ಇಷ್ಟರಲ್ಲೇ ಕಳೆಯಿತು. ನಾಯಿಗಳು ಬರುತ್ತಿದ್ದವು, ಹುಣ್ಣು, ಹುಳು, ಉಣ್ಣೆ, ಹಂದಿ ತಿವಿದ ಗಾಯ. ಬಾಗಿಲು ಕೆರೆಯುತ್ತದೆ ಅಂತ ಯಾರೂ ಒಂದು ನಾಯಿಯನ್ನೂ ಹಿಡಿದು ತಂದಿರಲಿಲ್ಲ. ಹಳ್ಳಿಯಲ್ಲಿ ಬೆಳಿಗ್ಗೆ ತೆಗೆದ ಬಾಗಿಲು ಮುಚ್ಚುವುದು ರಾತ್ರಿ ಮಲಗುವಾಗ. ನಾಯಿ ಜಗಲಿ ಮೇಲೆ, ಇಲ್ಲವೇ ಒಲೆ ಬೂದಿ ಸುರಿದ ಗುಂಡಿಯಲ್ಲಿ. ಯಜಮಾನ ಹೊಲಕ್ಕೆ ಹೊರಟರೆ ಅದೂ ಹಿಂದೆ, ಸಂತೆಗೆ ಹೊರಟರೆ ಊರ ಬಾಗಿಲವರೆಗೆ. ಬಾಗಿಲು ಕೆರೆದರೂ ಹೊರಗಿನಿಂದ ಒಳಗೆ, ಮುದ್ದೆಯ ಹೊತ್ತಿಗೆ. ಈಗಿನ ನಾಯಿಗಳು ಒಳಗಿನಿಂದ ಹೊರಕ್ಕೆ ಕೆರೆಯುತ್ತಿವೆ. ನಾಯಿ ಬದಲಾಗಿಲ್ಲ, ಅದು ಬಾಗಿಲಿನ ಯಾವ ಕಡೆ ಇದೆ ಅನ್ನುವುದು ಬದಲಾಗಿದೆ.

ಗುಂಡನ ವಿಷಯದಲ್ಲಿ ಇನ್ನೂ ಒಂದು ತೊಡಕಿತ್ತು. ಅವನನ್ನು ತಂದಾಗ ಆ ಹುಡುಗ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಇಪ್ಪತ್ತನಾಲ್ಕು ಗಂಟೆಯೂ ಕಾಲಡಿಯಲ್ಲಿ ಮನುಷ್ಯರು. ಬಚ್ಚಲುಮನೆಗೆ ಹೋದರೆ ಬಚ್ಚಲ ಬಾಗಿಲಿಗೆ, ಅಡುಗೆಮನೆಗೆ ಹೋದರೆ ಅಲ್ಲಿಗೆ. ಬಾಲಂಗೋಚಿ ಅನ್ನುವ ಮಾತು ಇವನಿಗೇ ಹುಟ್ಟಿದ್ದು. ಆಮೇಲೆ ಕಂಪನಿಯವರು ವಾರಕ್ಕೆ ಮೂರು ದಿನ ಬನ್ನಿ ಅಂದರು. ಯಾವ ಮೂರು ದಿನ ಅನ್ನುವುದು ಮ್ಯಾನೇಜರಿಗೇ ಖಚಿತವಿಲ್ಲ, ಇನ್ನು ಗುಂಡನಿಗೆ ಹೇಗೆ ಗೊತ್ತಾಗಬೇಕು? ಸೋಮವಾರ ಅಪ್ಪ ಇದ್ದಾನೆ, ಮಂಗಳವಾರ ಇಲ್ಲ.

"ನಾವು ಬಿಟ್ಟು ಹೋದ್ವಿ ಅಂತ ಸೇಡು ತೀರಿಸ್ಕೋತಾನೆ ಅಂಕಲ್. ನಾವು ಬಂದ ತಕ್ಷಣ ತಲೆ ತಗ್ಗಿಸ್ಕೊಂಡು, ಬಾಲ ಒಳಗೆ ಹಾಕ್ಕೊಂಡು ನಿಲ್ತಾನೆ. ತಪ್ಪು ಮಾಡಿದ್ದು ಅವನಿಗೆ ಗೊತ್ತು."

ಇದು ನಾಯಿ ಸಾಕಿದ ಎಲ್ಲರೂ ಹೇಳುವ ಮಾತು. ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ವಿಜ್ಞಾನಿ ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಬರೆದರು. ತಿನ್ನಬೇಡ ಅಂತ ಹೇಳಿ ತಿಂಡಿ ಇಟ್ಟು ಒಡೆಯ ಹೊರಗೆ ಹೋಗಬೇಕು. ಕೆಲವು ನಾಯಿ ತಿನ್ನುತ್ತವೆ, ಕೆಲವು ತಿನ್ನುವುದಿಲ್ಲ. ವಾಪಸು ಬಂದ ಒಡೆಯನಿಗೆ ಮಾತ್ರ ಕೆಲವು ಸಲ ಸುಳ್ಳು ಹೇಳುತ್ತಿದ್ದರು. ತಪ್ಪಿತಸ್ಥನ ಮುಖ ಮಾಡಿದ್ದು ತಿಂದ ನಾಯಿಗಳಲ್ಲ, ಬೈಸಿಕೊಂಡ ನಾಯಿಗಳು. ತಿನ್ನದೇ ಬೈಸಿಕೊಂಡವುಗಳ ಮುಖ ಎಲ್ಲಕ್ಕಿಂತ ಸಣ್ಣಗಾಗಿತ್ತು. ಅಂದರೆ ನಾಯಿ ಓದುತ್ತಿರುವುದು ತನ್ನ ಮನಸ್ಸಾಕ್ಷಿಯನ್ನಲ್ಲ, ನಮ್ಮ ಮುಖವನ್ನು.

"ನೀನು ಮನೆಗೆ ಬಂದ ತಕ್ಷಣ ಮೊದಲು ಏನು ನೋಡ್ತೀಯಮ್ಮ?" ಅಂದೆ.

ಸ್ವಲ್ಪ ಯೋಚಿಸಿ, "ಬಾಗಿಲು" ಅಂದಳು.

ಅದೇ ನೋಡಿ. ಇಡೀ ದಿನ ಕಾದು ಕೂತ ಪ್ರಾಣಿಗೆ ಕಾಣುವುದು ಬಾಗಿಲು ನೋಡಿ ಬಿಗಿದುಕೊಂಡ ಮುಖ. ಬೆಳಿಗ್ಗೆ ಅವರು ಹೋದರೆ ಭಯ, ಸಂಜೆ ಬಂದರೆ ಇನ್ನೊಂದು ಭಯ. ಓನರ್ ಕಂಡರೆ ಇವರಿಗಿರುವ ಹೆದರಿಕೆಯನ್ನು ಗುಂಡ ಪಾಪ ತನ್ನ ಲೆಕ್ಕಕ್ಕೆ ಬರೆದುಕೊಂಡಿದ್ದ. ಕೆರೆದು ಆರು ಗಂಟೆಯಾದ ಮೇಲೆ ಬೈದರೆ ನಾಯಿಗೆ ಆ ಕೆರೆತಕ್ಕೂ ಈ ಬೈಗುಳಕ್ಕೂ ಗಂಟು ಹಾಕಲು ಬರುವುದಿಲ್ಲ.

ನಾಯಿ ಬಾಗಿಲು ಕೆರೆದರೆ ಎಲ್ಲವೂ ಈ ಬಿಟ್ಟಿರಲಾರದ ಕಾಯಿಲೆಯೇ ಅಂತ ತಿಳಿಯಬಾರದು. ಉಚ್ಚೆಗೆ ಅವಸರವಾದರೂ ಕೆರೆಯುತ್ತದೆ. ಬೇಸರ ಬಂದರೂ ಕೆರೆಯುತ್ತದೆ. ನಾವು ಒಳಗೇ ಇದ್ದು ರೂಮಿನ ಬಾಗಿಲು ಹಾಕಿಕೊಂಡಾಗ ಕೆರೆದು, ನಾವು ಎದ್ದು ತೆಗೆದುಬಿಟ್ಟರೆ, ಕೆರೆದರೆ ತೆಗೆಯುತ್ತಾರೆ ಅಂತ ನಾವೇ ಪಾಠ ಹೇಳಿಕೊಟ್ಟಂತೆ. ಹಳೇ ಮೊಬೈಲೊಂದನ್ನು ಕಪಾಟಿನ ಮೇಲೆ ರೆಕಾರ್ಡಿಂಗ್ ಹಾಕಿ ಇಟ್ಟು ಹೋಗಮ್ಮ ಅಂದೆ. ಬೇಸರದ ನಾಯಿ ಮೊದಲು ಒಂದು ನಿದ್ದೆ ತೆಗೆದು, ಆಮೇಲೆ ಚಪ್ಪಲಿ, ದಿಂಬು, ರಿಮೋಟು ಅಂತ ಮನೆಯೆಲ್ಲ ಸುತ್ತುತ್ತದೆ. ಭಯಬಿದ್ದ ನಾಯಿ ನಾವು ಹೊರಟ ಕೆಲವೇ ನಿಮಿಷದಲ್ಲಿ ಶುರು ಮಾಡುತ್ತದೆ, ಮತ್ತು ನಾವು ಹೊರಟ ದಾರಿಯಲ್ಲೇ: ಬಾಗಿಲು, ದಾರಂದ, ಕಿಟಕಿ. ಏದುಸಿರು, ಜೊಲ್ಲು; ಇಟ್ಟ ತಿಂಡಿ ಮುಟ್ಟುವುದಿಲ್ಲ. ಮರುದಿನ ಅವಳು ಕಾಂಪೌಂಡಿನ ಮೇಲಿಂದ ಮೊಬೈಲ್ ಚಾಚಿದಳು. ಬಾಗಿಲ ಬುಡದಲ್ಲಿ ಜೊಲ್ಲಿನ ಮಡು. ಅದರಲ್ಲೇ ನಿಂತು ಗುಂಡ ಎರಡೂ ಮುಂಗಾಲಲ್ಲಿ ಗೀರುತ್ತಿದ್ದಾನೆ. ನಮ್ಮವಳು ಕನ್ನಡಕ ಹಾಕಿಕೊಂಡು ನೋಡಿ, "ಅಯ್ಯೋ, ಇದು ತುಂಟಾಟ ಅಲ್ಲ ಕಣ್ರೀ, ಸಂಕಟ" ಅಂದಳು. ನಾಯಿ ಅಂದರೆ ಮೈಲಿಗೆ ಅನ್ನುವವಳ ಬಾಯಲ್ಲಿ ಆ ಮಾತು ಬಂದದ್ದು ನನಗೆ ಸೋಜಿಗ.

ಬಡಾವಣೆಯಲ್ಲಿ ಸಲಹೆಗಳಿಗೇನು ಬರವೇ? ಬಾಗಿಲಿಗೆ ಮೆಣಸಿನಪುಡಿ ಬಳಿಯಿರಿ ಅಂದರು ಎದುರು ಮನೆಯವರು. ಕಾಲಿಗೆ ಮೆತ್ತಿದ ಖಾರವನ್ನು ನಾಯಿ ನೆಕ್ಕಿ, ಕಣ್ಣಿಗೂ ಉಜ್ಜಿಕೊಂಡು ಒದ್ದಾಡುವುದನ್ನು ಅವರು ನೋಡಿರಲಾರರು. ನೆಗಡಿಗೆ ಹಚ್ಚುವ ಮುಲಾಮು ಸವರಿ ಅಂದರು ಇನ್ನೊಬ್ಬರು. ಬಾಗಿಲು ಬಿಟ್ಟು ಕಿಟಕಿಗೆ ಹೋಗುತ್ತದೆ, ಅಷ್ಟೇ ಫಲ. ಪೇಪರು ಸುರುಳಿ ಸುತ್ತಿ ಎರಡು ಬಿಗಿಯಿರಿ ಅಂತ ಒಬ್ಬರು. ಹೆದರಿದ ಪ್ರಾಣಿಯನ್ನು ಹೆದರಿಸಿ ಹೆದರಿಕೆ ಬಿಡಿಸುವ ವಿದ್ಯೆ ನನ್ನ ಸರ್ವಿಸ್‌ನಲ್ಲಿ ನಾನು ಕಂಡಿಲ್ಲ. ಜೊತೆಗೊಂದು ನಾಯಿ ತಂದುಕೊಂಡರೆ ಸರಿಹೋಗುತ್ತದೆ ಅನ್ನುವುದು ಕೇಳಲು ಚೆಂದ. ಆದರೆ ಇಂಥ ನಾಯಿ ಹುಡುಕುವುದು ಮನುಷ್ಯರನ್ನು, ಇನ್ನೊಂದು ನಾಯಿಯನ್ನಲ್ಲ. ಕಡೆಗೆ ಎರಡು ಜೊತೆ ಉಗುರು, ಒಂದೇ ಅಡ್ವಾನ್ಸು. ಬೋನು ಒಳ್ಳೆಯದೇ, ಅದರಲ್ಲಿ ಖುಷಿಯಾಗಿ ಮಲಗುವ ನಾಯಿಗಳಿಗೆ. ಗುಂಡನಂಥವನನ್ನು ಅದರೊಳಗೆ ಕೂಡಿದರೆ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತಾನೆ.

ನಾನು ಹೇಳಿದ್ದು ಬೇರೆ. "ಗುಂಡನಿಗೆ ಟ್ರೇನಿಂಗ್ ಕೊಡೋದು ಆಮೇಲಾಗ್ಲಿ, ನೀವಿಬ್ರೂ ಮನೆಯಿಂದ ಹೊರಡೋದನ್ನ ಕಲೀಬೇಕು."

ಅವರು ಹೊರಡುವುದೊಂದು ಉತ್ಸವ. ಬೆಳಿಗ್ಗೆ ಎಂಟಕ್ಕೆ ಟಿಫಿನ್ ಬ್ಯಾಗಿನ ಜಿಪ್ಪು. ಆಮೇಲೆ ಕೊರಳಿಗೆ ಐಡಿ ಕಾರ್ಡು, ಸಾಕ್ಸು, ಶೂ, ಬೀಗದ ಕೈ ಗೊಂಚಲು, ಹೆಲ್ಮೆಟ್ಟು. ಕೊನೆಗೆ ಇಬ್ಬರೂ ಮಂಡಿಯೂರಿ, "ಪುಟ್ಟಾ, ಬೇಗ ಬಂದ್ಬಿಡ್ತೀವಿ ಬಂಗಾರಿ" ಅಂತ ಮಗಳನ್ನು ಗಂಡನ ಮನೆಗೆ ಕಳಿಸುವಷ್ಟು ಹೊತ್ತು. ಜಿಪ್ಪಿನ ಸದ್ದಿಗೇ ಗುಂಡನ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತದೆ. ಬಾಗಿಲು ಹಾಕುವ ಹೊತ್ತಿಗೆ ಅವನು ಅರ್ಧ ಹುಚ್ಚ. ಹಾಗಾಗಿ ಮೊದಲ ಕೆಲಸ, ಈ ಸದ್ದುಗಳಿಗಿರುವ ಅರ್ಥ ಕಳೆಯುವುದು. ಹೊರಡದೇ ಇರುವಾಗಲೂ ಬೀಗದ ಕೈ ಅಲ್ಲಾಡಿಸಿ ಮತ್ತೆ ಮೊಳೆಗೆ ನೇತುಹಾಕಬೇಕು. ಶೂ ಹಾಕಿಕೊಂಡು ಈರುಳ್ಳಿ ಹೆಚ್ಚಬೇಕು. ಆ ಹುಡುಗ ಹೇಳಿದ ಮಾತು ಕೇಳುವವನು. ಒಂದು ರಾತ್ರಿ ಕಿಟಕಿಯಿಂದ ನೋಡಿದರೆ ಹೆಲ್ಮೆಟ್ ಹಾಕಿಕೊಂಡು, ಐಡಿ ಕಾರ್ಡು ನೇತುಹಾಕಿಕೊಂಡು, ಸೋಫಾದ ಮೇಲೆ ಕಾಲು ಚಾಚಿ ಐಪಿಎಲ್ ನೋಡುತ್ತಿದ್ದಾನೆ. ಗುಂಡ ಪಕ್ಕದಲ್ಲೇ ಗೊರಕೆ. ನಮ್ಮವಳು ಪರದೆ ಎಳೆದು, "ಈ ಕಾಲದ ಹುಡುಗರಿಗೆ ಆಫೀಸಿನವರು ಏನು ಗತಿ ತಂದಿಟ್ಟಿದಾರೆ ನೋಡ್ರಿ" ಅಂದಳು. ನಾನು ವಿಷಯ ತಿಳಿಸಲು ಹೋಗಲಿಲ್ಲ.

ಎರಡನೆಯದು ನಿಜವಾಗಿ ಹೊರಗೆ ಹೋಗುವುದು. ಬಾಗಿಲು ಹಾಕಿ, ಗುಂಡ ಕುಂಯ್ ಅನ್ನುವ ಮೊದಲೇ ತೆಗೆದು ಒಳಗೆ ಬರಬೇಕು. ಹತ್ತು ಸೆಕೆಂಡು, ಇಪ್ಪತ್ತು, ಮತ್ತೆ ಐದು, ಆಮೇಲೆ ಅರ್ಧ ನಿಮಿಷ. ದಿನಾ ಏರುತ್ತಲೇ ಹೋದರೆ ನಾಯಿಗೆ ಅದೂ ಗೊತ್ತಾಗಿಬಿಡುತ್ತದೆ, ನಡುನಡುವೆ ಇಳಿಸಬೇಕು. ಮಗುವಿಗೆ ಮೊದಲ ಸಲ ಅನ್ನ ತಿನ್ನಿಸುವ ಹಾಗೆ ಅಗುಳು ಅಗುಳಾಗಿಯೇ ಕೊಡಬೇಕು. ಅವನು ಅಳುವಷ್ಟು ಹೊತ್ತು ಬಿಟ್ಟರೆ ಅವತ್ತಿನ ಪಾಠ ಕೆಟ್ಟಿತು. ಇದಕ್ಕೆ ವಾರಗಳು ಹಿಡಿಯುತ್ತವೆ, ಕೆಲವಕ್ಕೆ ತಿಂಗಳುಗಳು. ಹೊರಡುವಾಗ ಬಂಗಾರಿ ಗಿಂಗಾರಿ ಬೇಡ, ಸಪ್ಪಗೆ ಹೋಗಿ ಸಪ್ಪಗೆ ಬನ್ನಿ ಅಂದೆ. ಬಂದ ಮೇಲೆ ಒಂದು ಸಲ ತಲೆ ಸವರಿದರೆ ಪ್ರಳಯವೇನೂ ಆಗುವುದಿಲ್ಲ, ಗುಂಡನ ಜೊತೆ ನೀವೂ ಕುಣಿಯಬೇಡಿ ಅಷ್ಟೆ. ಸಂಜೆ ಹೊತ್ತು ಆ ಹುಡುಗಿ ಗೇಟಿನಾಚೆ ಬಂದು ನಿಲ್ಲುವಳು; ನಾನು ಕಾಂಪೌಂಡಿನ ಈಚೆ ಗಡಿಯಾರ ಹಿಡಿದುಕೊಂಡು ಕಿವಿ ನಿಗುರಿಸಿ ನಿಲ್ಲುವವನು. ದಾರಿಯಲ್ಲಿ ಹೋಗುವವರಿಗೆ ಇದು ಏನು ಕಂಡಿತೋ! ಹಾಲಿನ ಹುಡುಗ ಒಂದು ದಿನ ಮೆಲ್ಲಗೆ, "ಮನೆಯಲ್ಲಿ ಜಗಳಾನಾ ಸಾರ್, ಒಳಗೆ ಸೇರಿಸ್ತಿಲ್ವಾ?" ಅಂತ ವಿಚಾರಿಸಿದ.

ತಿಂಡಿಯ ಖಾತೆ ನಮ್ಮವಳದ್ದಾಯಿತು. ಒಳಗೆ ಟೊಳ್ಳಿರುವ ಗಟ್ಟಿ ರಬ್ಬರಿನ ಆಟಿಕೆ ಬರುತ್ತದೆ. ಅದರೊಳಗೆ ತಿಂಡಿ ತುಂಬಿಕೊಟ್ಟರೆ ನಾಯಿ ನೆಕ್ಕಿ ನೆಕ್ಕಿ ತೆಗೆಯಬೇಕು. ನೆಕ್ಕುವಾಗ, ಅಗಿಯುವಾಗ ನಾಯಿಯ ಮನಸ್ಸು ಶಾಂತವಾಗುತ್ತದೆ. ಜೊತೆಗೆ ಇವರು ಹೊರಟರೆ ಒಳ್ಳೆಯದೇನೋ ಸಿಗುತ್ತದೆ ಅನ್ನುವ ಲೆಕ್ಕವೂ ಹುಟ್ಟುತ್ತದೆ. ಪೇಟೆಯಲ್ಲಿ ಇದಕ್ಕೆ ಅಂತಲೇ ಪೇಸ್ಟು ಮಾರುತ್ತಾರೆ, ಬೆಲೆ ಕೇಳಿದರೆ ನಾವೇ ನೆಕ್ಕಬೇಕು ಅನ್ನಿಸುತ್ತದೆ. ನಮ್ಮವಳು ರಾಗಿಮುದ್ದೆಗೆ ಮೊಸರು ಕಲಸಿ ತುಂಬಿ ಫ್ರೀಜರಿನಲ್ಲಿಟ್ಟಳು. ಕಲ್ಲಾದ ಮುದ್ದೆ ಕರಗುವವರೆಗೂ ಗುಂಡನಿಗೆ ಬಾಗಿಲಿನ ನೆನಪಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಿದ್ದೆ: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಕಡಲೆಕಾಯಿ ಬೆಣ್ಣೆ ಹಾಕುವುದಾದರೆ ಅದರಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಸೇರಿಲ್ಲ ಅಂತ ಡಬ್ಬಿಯ ಮೇಲೆ ಓದಿಕೊಳ್ಳಬೇಕು. ಇನ್ನು, ನಿಜವಾಗಿ ಗಾಬರಿಬಿದ್ದ ನಾಯಿ ಮುದ್ದೆಯಲ್ಲ, ಮೃಷ್ಟಾನ್ನ ಇಟ್ಟರೂ ಮೂಸುವುದಿಲ್ಲ. ವಾಪಸು ಬಂದಾಗ ಆಟಿಕೆ ತುಂಬಿದ ಹಾಗೇ ಇದ್ದರೆ, ಅವತ್ತು ಬಿಟ್ಟು ಹೋದ ಹೊತ್ತು ಅವನ ತಾಕತ್ತಿಗೆ ಮೀರಿತ್ತು ಅಂತ ತಿಳಿಯಬೇಕು.

ಈ ಪಾಠದಲ್ಲಿ ಬಡಪಾಯಿಗಳಿಗೆ ಕಷ್ಟವಾಗುವ ಷರತ್ತು ಒಂದಿದೆ. ಕಲಿಕೆ ಮುಗಿಯುವವರೆಗೆ ನಾಯಿಯನ್ನು ಅದರ ತಾಕತ್ತಿಗಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡಬಾರದು. ಸಂಜೆ ಅರ್ಧ ನಿಮಿಷದ ಅಭ್ಯಾಸ, ಬೆಳಗಾದರೆ ಒಂಬತ್ತು ಗಂಟೆ ಒಂಟಿವಾಸ ಅಂದರೆ ಕಟ್ಟಿದ್ದೆಲ್ಲ ಬಿದ್ದಂತೆ. ಹಾಗಂತ ಆಫೀಸು ಬಿಡಲಾಗುತ್ತದೆಯೇ? ಇಬ್ಬರೂ ಬೇರೆ ಬೇರೆ ದಿನ ಹೋಗುವ ಹಾಗೆ ಹೊಂದಿಸಿಕೊಂಡರು. ಹೊಂದದ ದಿನಗಳು ಉಳಿದವು. ನಾಯಿಗಳ ಡೇ-ಕೇರ್ ವಿಚಾರಿಸಿದರು, ಅದರ ತಿಂಗಳ ಫೀಸು ಕೇಳಿ ಸುಮ್ಮನಾದರು. ಕೊನೆಗೆ ನಮ್ಮವಳೇ, "ವರಾಂಡದಲ್ಲಿ ಕಟ್ಟಿ ಹೋಗ್ಲಿ ಬಿಡಿ. ನಡುಮನೆಗೆ ಬರಕೂಡದು, ಅಷ್ಟೇ" ಅಂದಳು. ಗುಂಡನಿಗೂ ಅದು ಒಪ್ಪಿಗೆ. ಅವನಿಗೆ ಬೇಕಾದ್ದು ಕಣ್ಣಳತೆಯಲ್ಲಿ ಒಬ್ಬ ಮನುಷ್ಯ. ವರಾಂಡಕ್ಕೂ ನಡುಮನೆಗೂ ನಡುವಿನ ಹೊಸ್ತಿಲ ಮೇಲೆ ಗಲ್ಲ ಇಟ್ಟು ಮಲಗುತ್ತಾನೆ. ಮೈ ಹೊರಗೆ, ಗಲ್ಲ ಒಳಗೆ. ಇದು ನಿಯಮ ಮುರಿದ ಹಾಗೋ ಅಲ್ಲವೋ ಅನ್ನುವುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಅವನನ್ನು ನೋಡುವಾಗಲೆಲ್ಲ ನನಗೆ ಆತಕೂರಿನ ಕಾಳಿಯ ನೆನಪಾಗುತ್ತದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕ್ರಿ.ಶ. 949-50ರ ಸುಮಾರಿನದು, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನಿಗೆ, ಏನು ಬೇಕೋ ಕೇಳು ಅಂತ ಗಂಗರ ಬೂತುಗ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಅದನ್ನೂ ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನೆಡಿಸಿ ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಇದೆ. ಆ ಕಾಲದಲ್ಲೂ ನಾಯಿ ಅಷ್ಟು ದೊಡ್ಡದು ಅಂತ ಹೇಳಲು ಇದನ್ನು ಎತ್ತಲಿಲ್ಲ. ಕಾಳಿ ಒಡೆಯನ ಜೊತೆಗೇ ಕೆಲಸಕ್ಕೆ ಹೋಗುತ್ತಿತ್ತು. ಮಣಲೇರ ಅದನ್ನು ಒಳಗೆ ಕೂಡಿ ಬೀಗ ಹಾಕಿ ಬೇಟೆಗೆ ಹೋಗುವ ಪ್ರಶ್ನೆಯೇ ಇರಲಿಲ್ಲ.

ಇಷ್ಟಾದರೂ ಸರಿಹೋಗದ ನಾಯಿಗಳಿವೆ. ಅವಕ್ಕೆ ಔಷಧ ಇದೆ ಅಂದರೆ ಜನ ನಗುತ್ತಾರೆ. ಈ ಬಿಟ್ಟಿರಲಾರದ ಕಾಯಿಲೆಗೆ ಅಂತಲೇ ಅಮೆರಿಕದಲ್ಲಿ 1998ರಲ್ಲಿ ಕ್ಲೋಮಿಪ್ರಮಿನ್ನಿಗೆ, 2007ರಲ್ಲಿ ಫ್ಲೂಕ್ಸೆಟಿನ್ನಿಗೆ ಒಪ್ಪಿಗೆ ಸಿಕ್ಕಿದೆ. ಎರಡೂ ಮನುಷ್ಯರಿಗೆ ಮನೋವೈದ್ಯರು ಬರೆದುಕೊಡುವ ಔಷಧಗಳೇ. ಗುಣ ಕಾಣಲು ವಾರಗಳು ಬೇಕು, ಪಾಠದ ಜೊತೆಗೇ ನಡೆಯಬೇಕು. ಮನೆಯ ಡಬ್ಬದಲ್ಲಿರುವ ಯಾವುದೋ ನಿದ್ದೆ ಮಾತ್ರೆ ಮುರಿದು ಹಾಕುವ ಸಾಹಸ ಮಾತ್ರ ಬೇಡ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ತೋರಿಸಿಕೊಂಡು ಬನ್ನಿ ಅಂದೆ. ಹೋಗಿ ಬಂದರು. ಸದ್ಯಕ್ಕೆ ಔಷಧ ಬೇಡ, ಉಗುರು ಕತ್ತರಿಸಿ ಅಂದರಂತೆ. ನಡೆಯುವಾಗ ಟೈಲ್ಸ್ ಮೇಲೆ ಟಕ್ ಟಕ್ ಅಂದರೆ ಉಗುರು ಬೆಳೆದಿದೆ ಅಂತ ಲೆಕ್ಕ. ಗುಂಡನ ಉಗುರು ಕಪ್ಪು, ಒಳಗಿನ ರಕ್ತನಾಳ ಎಲ್ಲಿಯವರೆಗಿದೆ ಅಂತ ಕಾಣುವುದಿಲ್ಲ. ಹಾಗಾಗಿ ತುದಿ ತುದಿಯಷ್ಟೇ, ಆಗಾಗ. ಬೆಳಿಗ್ಗೆ ಹೊರಡುವ ಮೊದಲು ಅವನ ಮೂಗು ಎಳೆದ ಕಡೆಯೆಲ್ಲ ಸುತ್ತಾಡಿಸಿದರೆ ಟಾರು ರಸ್ತೆಯೇ ಅಷ್ಟಿಷ್ಟು ಸವೆಸುತ್ತದೆ, ಬಂದು ಮಲಗುತ್ತಾನೆ ಕೂಡ.

ಬಾಗಿಲಿನ ಮಾತು ಉಳಿಯಿತು. ನಾಯಿ ಕಲಿಯುವವರೆಗೆ ಅದನ್ನು ಕಾಪಾಡಬೇಕಲ್ಲ. ತಗಡು ಹೊಡೆಸಿ ಅಂದವರಿದ್ದರು. ಮೊಳೆ ಹೊಡೆದರೆ ಅದೊಂದು ಬೇರೆ ದಂಡ, ತಗಡಿನ ಸದ್ದಿಗೆ ಗುಂಡ ಇನ್ನೂ ಬೆದರುತ್ತಾನೆ. ಡಬಲ್ ಟೇಪಿನಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಕೀಳುವಾಗ ಪಾಲಿಶ್ ಸಮೇತ ಬರುತ್ತದೆ. ನೆಲಕ್ಕೆ ಹಾಸುವ ದಪ್ಪ ವಿನೈಲ್ ಶೀಟನ್ನು ಬಾಗಿಲಿನ ಅಗಲಕ್ಕೆ ಕತ್ತರಿಸಿ, ಮೇಲಿನ ಅಂಚಿಗೆ ಅಗಲವಾದ ಬಟ್ಟೆ ಪಟ್ಟಿ ಹೊಲಿಸಿ, ಬಾಗಿಲಿನ ನೆತ್ತಿಯ ಮೇಲಿಂದ ಆಚೆಗೆ ಇಳಿಬಿಟ್ಟು ಹಿಡಿಕೆಗೆ ಕಟ್ಟುವುದು ನಮ್ಮ ಮರಗೆಲಸದ ಆಚಾರ್ರು ಹೇ‌ಳಿದ ಉಪಾಯ. ಮೊಳೆಯಿಲ್ಲ, ಅಂಟಿಲ್ಲ, ಮನೆ ಬಿಡುವಾಗ ಸುತ್ತಿ ಎತ್ತಿಕೊಂಡು ಹೋಗಬಹುದು.

ಓನರಿಗೆ ನೀವೇ ಮೊದಲು ಹೇಳಿಬಿಡಿ ಅಂದಾಗ ಹುಡುಗಿ ಹಿಂಜರಿದಳು. ಮನೆ ಕೊಡುವಾಗಲೇ ಅವರು, ನಾಯಿ ಇರಲಿ, ಮನೆ ಹಾಳಾಗಬಾರದು ಅಂದಿದ್ದರಂತೆ. ದತ್ತಾತ್ರೇಯನ ಭಕ್ತರು, ಅದೇ ಬಾಗಿಲಿನ ಮೇಲೆ ನಾಲ್ಕು ನಾಯಿಗಳ ಸಮೇತ ದತ್ತಾತ್ರೇಯನ ಟೈಲ್ಸ್ ಕೂರಿಸಿದ್ದಾರೆ. ಮೇಲೆ ನಾಲ್ಕಿದ್ದರೂ ಕೆಳಗೆ ಒಂದು ಅವರಿಗೆ ಭಾರ. ಆದರೂ, ತಾವಾಗಿ ಕಂಡುಹಿಡಿದದ್ದಕ್ಕೆ ಓನರುಗಳು ಹಾಕುವ ಬೆಲೆಯೇ ಬೇರೆ, ಬಾಡಿಗೆಯವರು ಮೊದಲೇ ಹೇಳಿದ್ದಕ್ಕೆ ಹಾಕುವ ಬೆಲೆಯೇ ಬೇರೆ. ಸಂಪಿನ ಮೋಟಾರು ನೋಡಲು ಅವರು ಬಂದ ದಿನ ಆಚಾರ್ರನ್ನೂ ಕರೆಸಿದೆವು. ಬಾಗಿಲಿನ ಒಳಮೈ ನೋಡಿ ಓನರ್ ತಲೆ ಮೇಲೆ ಕೈ ಹೊತ್ತರು. "ದಾಂಡೇಲಿ ತೇಗ ಕಣ್ರೀ ಇದು! ಇಡೀ ಬಾಗಿಲು ಹೊಸದಾಗಿ ಮಾಡಿಸ್ಬೇಕಾಗುತ್ತೆ."

ಆಚಾರ್ರು ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿನಿಂದ ಒಂದು ಗೀರು ಸವರಿದರು. ಇನ್ನೊಂದನ್ನು ಸವರಿದರು. "ದಾರಂದ ತೇಗ ಸಾಮಿ, ಅನುಮಾನ ಇಲ್ಲ. ಬಾಗಿಲು ಫ್ಲಶ್ ಡೋರು. ಮೇಲೆ ಟೀಕ್ ವಿನೀರು ಅಂಟಿಸವ್ರೆ. ಅರ್ಧ ಮಿಲಿಮೀಟರ್ ಇದ್ರೆ ಹೆಚ್ಚು. ಇಲ್ನೋಡಿ, ಕೆಳಗೆ ಪ್ಲೈ ಕಾಣ್ತೈತೆ."

ಗೃಹಪ್ರವೇಶದಿಂದ ಇವತ್ತಿನವರೆಗೆ ದಾಂಡೇಲಿ ಅಂತ ಊರಿಗೆಲ್ಲ ಹೇಳಿಕೊಂಡು ಬಂದ ಓನರ್ ಬಗ್ಗಿ ನೋಡಿದರು. ಅವರಿಗೆ ಮನೆ ಕಟ್ಟಿಕೊಟ್ಟ ಕಂಟ್ರಾಕ್ಟರನ ವಂಶಾವಳಿಯೆಲ್ಲ ಆ ಹೊತ್ತಿನಲ್ಲಿ ಬಂದುಹೋಯಿತು. ಗುಂಡ ಮಾತ್ರ ಅವರ ಪಂಚೆ ಮೂಸುತ್ತಾ ನಿಂತಿದ್ದ.

ಆಮೇಲಿನ ಚೌಕಾಸಿ ಸಲೀಸಾಯಿತು. ವಿನೀರು ತೆಳುವಾದ್ದರಿಂದ ಜೋರಾಗಿ ಉಜ್ಜುವಂತಿಲ್ಲ. ನಯವಾದ ಸ್ಯಾಂಡ್ ಪೇಪರಿನಲ್ಲಿ ಎಳೆ ಹೋದ ದಿಕ್ಕಿಗೇ ಮೆಲ್ಲಗೆ ಉಜ್ಜಿ, ಆಳದ ಗೀರಿಗೆ ಮರದ ಹೊಟ್ಟಿನ ಪುಡಿಯನ್ನು ಫೆವಿಕಾಲಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಬಣ್ಣ ಕೂಡಿಸಿ ಪಾಲಿಶ್ ಹೊಡೆಯುತ್ತೇನೆ, ತೀರಾ ಕೆಳಗೆ ಪ್ಲೈ ಎದ್ದ ಕಡೆ ಒಂದು ಪಟ್ಟಿ ಹೊಸ ವಿನೀರು ಕೂರಿಸುತ್ತೇನೆ ಅಂದರು ಆಚಾರ್ರು. ಕೂಲಿ, ಸಾಮಾನು ಎರಡೂ ಹುಡುಗಿಯವರದ್ದು, ಅಡ್ವಾನ್ಸಿನಲ್ಲಿ ಮುರಿಯುವಂತಿಲ್ಲ. ಅದನ್ನು ಮುಂದಿನ 11 ತಿಂಗಳ ಕರಾರಿನಲ್ಲಿ ಬರೆಸಿ ಅಂತ ನಾನು ಹುಡುಗಿಗೆ ಕಣ್ಣಿನಲ್ಲೇ ಹೇಳಿದೆ, ಅವಳು ಆಗಲೇ ಮೊಬೈಲಿನಲ್ಲಿ ಬಾಗಿಲಿನ ಫೋಟೋ ತೆಗೆಯುತ್ತಿದ್ದಳು. ಬಾಡಿಗೆ ಐದು ಪರ್ಸೆಂಟ್ ಏರಿಸುವುದನ್ನು ಮಾತ್ರ ಓನರ್ ಮರೆಯಲಿಲ್ಲ.

"ಹಾಗಾದ್ರೆ ಈ ವಾರವೇ ಶುರು ಮಾಡ್ಬಿಡಿ ಆಚಾರ್ರೇ" ಅಂದಳು ಹುಡುಗಿ.

ಆಚಾರ್ರು ಗುಂಡನ ಉಗುರು ನೋಡಿದರು, ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದರು. "ಈಗ ಬೇಡ ಕಣವ್ವ. ದೀಪಾವಳಿ ಪಟಾಕಿ ಮುಗೀಲಿ. ಆಮೇಲೆ ಎಲ್ಲಾ ಒಟ್ಟಿಗೆ ಮಾಡಿದ್ರಾಯ್ತು."